ಹಣ ಸಂಪಾದಿಸುವುದು ಪಾಪವೇ? ಬೈಬಲ್ ಏನು ಹೇಳುತ್ತದೆ?

ಪ್ರಶ್ನೆ: ನಾನು ಒಂದು ಸಣ್ಣ ವ್ಯಾಪಾರ ನಡೆಸುತ್ತಿದ್ದೇನೆ. ಕೆಲವರಿಗೆ ಕೆಲಸ ಕೊಟ್ಟಿದ್ದೇನೆ. ಮೊದಲಿಗಿಂತ ಈಗ ಆದಾಯ ಚೆನ್ನಾಗಿದೆ, ಸ್ವಲ್ಪ ಉಳಿತಾಯವೂ ಇದೆ. ಆದರೆ ಮನಸ್ಸಿಗೆ ಸಮಾಧಾನ ಇಲ್ಲ. ಐಶ್ವರ್ಯವಂತರು ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂದು ಒಬ್ಬ ಬೋಧಕರು ಎಚ್ಚರಿಸುತ್ತಾರೆ. ದೇವರ ಮಕ್ಕಳು ಶ್ರೀಮಂತರಾಗಿಯೇ ಇರಬೇಕು, ಕಾಣಿಕೆ ಕೊಟ್ಟರೆ ನೂರರಷ್ಟು ತಿರುಗಿ ಬರುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಸರಿ? ಇನ್ನೂ ಬೆಳೆಯಬೇಕು ಎಂಬ ನನ್ನ ಆಸೆ ಪಾಪವೇ? ನಾನು ಹಣದಾಸೆಗೆ ಬಿದ್ದಿದ್ದೇನೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ದುಡಿದು ಸಂಪಾದಿಸುವುದನ್ನು ಬೈಬಲ್ ಎಲ್ಲಿಯೂ ಪಾಪ ಎನ್ನುವುದಿಲ್ಲ. ವ್ಯಾಪಾರ ಬೆಳೆಯಲಿ ಎಂದು ಬಯಸುವುದೂ ಪಾಪವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಭಯ ಕಾಣಿಸುತ್ತಿದೆ. ಆದರೆ ಇಷ್ಟು ಓದಿ ನಿಲ್ಲಿಸಬೇಡಿ. ಹಣದಾಸೆಗೆ ಬಿದ್ದಿದ್ದೇನೆಯೇ ಎಂದು ಕೊನೆಯಲ್ಲಿ ಕೇಳಿದ್ದೀರಲ್ಲ, ಅದಕ್ಕೆ ಬೈಬಲ್ ಕೊಡುವ ಉತ್ತರ ಅಷ್ಟು ಹಗುರವಾಗಿಲ್ಲ.

ಮೊದಲು ಆ ಇಬ್ಬರು ಬೋಧಕರ ಮಾತು ನೋಡೋಣ. ಇಬ್ಬರೂ ತೆರೆದಿರುವುದು ಒಂದೇ ಪುಟ. ಒಂಟೆಯ ಮಾತು ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದ 25ನೇ ವಚನದಲ್ಲಿದೆ. ನೂರರಷ್ಟು ಸಿಗುತ್ತದೆ ಎಂಬ ಮಾತು ಅದೇ ಅಧ್ಯಾಯದ 30ನೇ ವಚನದಲ್ಲಿದೆ. ನಡುವೆ ಇರುವುದು ನಾಲ್ಕೇ ವಚನ. ಒಬ್ಬರು ಮೊದಲೇ ಪುಸ್ತಕ ಮುಚ್ಚಿದರು, ಇನ್ನೊಬ್ಬರು ತಡವಾಗಿ ತೆರೆದರು. ಪೂರ್ತಿ ಓದಿದರೆ ಇಬ್ಬರ ಮಾತೂ ನಿಲ್ಲುವುದಿಲ್ಲ.

ಅಲ್ಲಿ ನಡೆದದ್ದು ಇಷ್ಟು. ಒಬ್ಬ ಮನುಷ್ಯ ಓಡಿ ಬಂದು ಯೇಸುವಿನ ಮುಂದೆ ಮೊಣಕಾಲೂರುತ್ತಾನೆ. ನಿತ್ಯಜೀವ ಸಿಗಬೇಕಾದರೆ ಏನು ಮಾಡಬೇಕು ಎಂದು ಕೇಳುತ್ತಾನೆ. ಯೇಸು ಆಜ್ಞೆಗಳನ್ನು ನೆನಪಿಸುತ್ತಾರೆ. ಚಿಕ್ಕಂದಿನಿಂದ ಅವೆಲ್ಲವನ್ನೂ ಪಾಲಿಸಿದ್ದೇನೆ ಎನ್ನುತ್ತಾನೆ. ಅದು ಸುಳ್ಳು ಎಂದು ಯೇಸು ಹೇಳುವುದಿಲ್ಲ. ಅವನನ್ನು ನೋಡಿ ಪ್ರೀತಿಸಿದರು ಎಂದು ಮಾರ್ಕ ಬರೆಯುತ್ತಾನೆ. ಆಮೇಲೆ ಬರುತ್ತದೆ ಆ ಮಾತು: ನಿನಗೆ ಒಂದು ಕಡಿಮೆ ಇದೆ, ಹೋಗಿ ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು, ಬಂದು ನನ್ನ ಹಿಂದೆ ನಡೆ. ಅವನ ಮುಖ ಬಾಡುತ್ತದೆ. ದುಃಖದಿಂದ ಹೊರಟುಹೋಗುತ್ತಾನೆ. ಯಾಕೆಂದರೆ ಅವನಿಗೆ ಬಹಳ ಆಸ್ತಿ ಇತ್ತು.

ಈ ಮನುಷ್ಯ ಕಳ್ಳನಲ್ಲ, ಮೋಸಗಾರನಲ್ಲ. ನಡತೆ ಒಳ್ಳೆಯದು, ದೇವರ ವಿಷಯದಲ್ಲಿ ನಿಜವಾದ ಹಸಿವು ಇತ್ತು. ಅವನಿಗೆ ಹಣದ ಮೋಹ ಇದೆ ಎಂದು ನೋಡಿದವರು ಯಾರೂ ಹೇಳುತ್ತಿರಲಿಲ್ಲ. ಬಹುಶಃ ಅವನಿಗೂ ಗೊತ್ತಿರಲಿಲ್ಲ. ಬಿಟ್ಟುಕೊಡು ಎಂಬ ಮಾತು ಕಿವಿಗೆ ಬಿದ್ದಾಗಲೇ ಗೊತ್ತಾದದ್ದು. ಹಣದಾಸೆ ಅಡಗಿ ಕೂರುವ ರೀತಿ ಇದೇ. ನಿಮ್ಮ ಪ್ರಶ್ನೆಗೆ ಇದು ಬಹಳ ಹತ್ತಿರದ್ದು, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಂತೆ.

ಇನ್ನು ಒಂಟೆ. ಸೂಜಿಯ ಕಣ್ಣು ಎಂಬ ಹೆಸರಿನ ಚಿಕ್ಕ ಬಾಗಿಲು ಯೆರೂಸಲೇಮಿನ ಗೋಡೆಯಲ್ಲಿತ್ತು, ಹೊರೆ ಇಳಿಸಿ ಮೊಣಕಾಲೂರಿದರೆ ಒಂಟೆ ಅದರಲ್ಲಿ ದಾಟಬಹುದಿತ್ತು ಎಂದು ಪ್ರಸಂಗಗಳಲ್ಲಿ ನೀವೂ ಕೇಳಿರಬಹುದು. ಯೇಸುವಿನ ಕಾಲದಲ್ಲಿ ಅಂಥ ಬಾಗಿಲು ಇತ್ತು ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಆ ಕಥೆ ಎಷ್ಟೋ ಶತಮಾನಗಳ ನಂತರ ಹುಟ್ಟಿದ್ದು. ಯೇಸು ಹೇಳಿದ್ದು ನಿಜವಾದ ಒಂಟೆ, ನಿಜವಾದ ಸೂಜಿ. ಆಗುವುದೇ ಇಲ್ಲ ಎಂಬುದೇ ಆ ಮಾತಿನ ಅರ್ಥ. ಶಿಷ್ಯರು ಹಾಗೆಯೇ ತಿಳಿದುಕೊಂಡರು. ಹಾಗಾದರೆ ಯಾರಿಗೆ ತಾನೇ ರಕ್ಷಣೆ ಎಂದು ಬೆಚ್ಚಿ ಕೇಳಿದರು. ಐಶ್ವರ್ಯ ಎಂದರೆ ದೇವರ ಮೆಚ್ಚುಗೆಯ ಗುರುತು ಎಂದು ನಂಬಿದ್ದವರು ಅವರು. ಅಂಥವನಿಗೇ ಆಗದಿದ್ದರೆ ಉಳಿದವರ ಗತಿ ಏನು? ಅದಕ್ಕೆ ಯೇಸು ಕೊಟ್ಟ ಉತ್ತರ 27ನೇ ವಚನದಲ್ಲಿದೆ: ಮನುಷ್ಯರಿಗೆ ಇದು ಅಸಾಧ್ಯ, ದೇವರಿಗೆ ಎಲ್ಲವೂ ಸಾಧ್ಯ. ಮೊದಲನೆಯ ಬೋಧಕರು ಈ ವಚನದವರೆಗೆ ಬರಲೇ ಇಲ್ಲ.

ಅಸಾಧ್ಯವಾದದ್ದು ಸಾಧ್ಯವಾದದ್ದನ್ನು ಲೂಕ ತನ್ನ ಸುವಾರ್ತೆಯಲ್ಲಿ ತೋರಿಸುತ್ತಾನೆ. 18ನೇ ಅಧ್ಯಾಯದಲ್ಲಿ ಇದೇ ಐಶ್ವರ್ಯವಂತನ ಕಥೆ ಬರುತ್ತದೆ. 19ನೇ ಅಧ್ಯಾಯದಲ್ಲಿ ಯೆರಿಕೋ ಊರಿನ ಜಕ್ಕಾಯ ಬರುತ್ತಾನೆ. ಸುಂಕದವರ ಮುಖ್ಯಸ್ಥ, ಹಣವಂತ, ಜನ ಮುಖ ಕೊಟ್ಟು ಮಾತಾಡದ ಮನುಷ್ಯ. ಯೇಸು ಅವನ ಮನೆಗೆ ಹೋದ ದಿನ ಅವನು ಎದ್ದು ನಿಂತು ಹೇಳಿದ: ನನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ, ಯಾರಿಂದಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ. ಮೋಶೆಯ ಧರ್ಮಶಾಸ್ತ್ರದ ಲೆಕ್ಕ ನೋಡಿ. ತಾನಾಗಿ ತಪ್ಪು ಒಪ್ಪಿಕೊಂಡವನು ತೆಗೆದುಕೊಂಡದ್ದನ್ನು ಪೂರ್ತಿ ಕೊಟ್ಟು, ಅದರ ಮೇಲೆ ಐದನೇ ಒಂದು ಭಾಗ ಸೇರಿಸಿದರೆ ಸಾಕಿತ್ತು. ಅದು ಅರಣ್ಯಕಾಂಡ 5:7. ಕುರಿ ಕದ್ದು ಕೊಯ್ದವನು ನಾಲ್ಕು ಕುರಿ ಕೊಡಬೇಕು ಎಂಬುದು ವಿಮೋಚನಕಾಂಡ 22ರಲ್ಲಿದೆ. ಜಕ್ಕಾಯ ತನಗೆ ಕಳ್ಳನ ದಂಡವನ್ನೇ ಹಾಕಿಕೊಂಡ. ಉಳಿದ ಅರ್ಧವನ್ನೂ ಮಾರು ಎಂದು ಯೇಸು ಅವನಿಗೆ ಹೇಳಲಿಲ್ಲ. ಈ ಹೊತ್ತು ಈ ಮನೆಗೆ ರಕ್ಷಣೆ ಬಂತು ಎಂದರು.

ಅಂದರೆ ಎಲ್ಲರಿಗೂ ಒಂದೇ ಅಳತೆ ಇಲ್ಲ. ಯೇಸುವಿನ ಜೊತೆ ಊರೂರು ತಿರುಗಿದ ಮಹಿಳೆಯರಲ್ಲಿ ಗಲಿಲಾಯವನ್ನು ಆಳುತ್ತಿದ್ದ ಹೆರೋದನ ಆಡಳಿತಾಧಿಕಾರಿ ಕೂಜನ ಹೆಂಡತಿ ಯೋಹಾನ್ನ ಇದ್ದಳು. ಸುಸನ್ನ ಇದ್ದಳು. ತಮ್ಮ ಹಣದಿಂದಲೇ ಯೇಸುವಿನ ಮತ್ತು ಶಿಷ್ಯರ ಖರ್ಚು ನೋಡಿಕೊಂಡರು. ಯೇಸುವಿನ ದೇಹಕ್ಕೆ ತನ್ನ ಸ್ವಂತ ಸಮಾಧಿ ಕೊಟ್ಟ ಅರಿಮಥಾಯದ ಯೋಸೇಫನನ್ನು ಮತ್ತಾಯ ಐಶ್ವರ್ಯವಂತ ಎಂದೇ ಕರೆಯುತ್ತಾನೆ. ಫಿಲಿಪ್ಪಿ ಪಟ್ಟಣದಲ್ಲಿ, ಸುವಾರ್ತೆ ಸಾರುತ್ತಾ ಊರೂರು ತಿರುಗಿದ ಪೌಲನನ್ನು ತನ್ನ ಮನೆಯಲ್ಲಿ ಇಳಿಸಿಕೊಂಡ ಲುದ್ಯ ನಿಮ್ಮ ಹಾಗೆ ವ್ಯಾಪಾರ ಮಾಡುತ್ತಿದ್ದವಳು. ದುಬಾರಿಯಾದ ನೇರಳೆ ಬಣ್ಣದ ಬಟ್ಟೆ ಮಾರುತ್ತಿದ್ದಳು. ಅಂಗಡಿ ಮುಚ್ಚು ಎಂದು ಅವಳಿಗೆ ಯಾರೂ ಹೇಳಲಿಲ್ಲ.

ಈಗ ಎರಡನೆಯ ಬೋಧಕರು ಹೇಳುವ ನೂರರಷ್ಟಕ್ಕೆ ಬರೋಣ. ನನಗಾಗಿ ಮನೆ, ಅಣ್ಣತಮ್ಮಂದಿರು, ತಾಯಿ, ಭೂಮಿ ಬಿಟ್ಟವನಿಗೆ ಈಗಿನ ಕಾಲದಲ್ಲೇ ನೂರರಷ್ಟು ಸಿಗುತ್ತದೆ ಎಂದು ಯೇಸು ಹೇಳಿದ್ದು ನಿಜ. ಅದೇ ಪಟ್ಟಿಯಲ್ಲಿ ಹಿಂಸೆಗಳೂ ಇವೆ. ಅದನ್ನು ಯಾಕೆ ಓದುವುದಿಲ್ಲ? ನೂರು ಮನೆ ಅಕ್ಷರಶಃ ನಿಮ್ಮ ಹೆಸರಿಗೆ ಬರುತ್ತದೆ ಎಂದಾದರೆ ನೂರು ತಾಯಂದಿರೂ ಬರಬೇಕು, ಅಲ್ವಾ? ಯೇಸು ಹೇಳುತ್ತಿದ್ದದ್ದು ನಂಬಿದವರ ಬಳಗದ ಬಗ್ಗೆ. ಅಲ್ಲಿ ಒಬ್ಬರ ಮನೆ ಬಾಗಿಲು ಇನ್ನೊಬ್ಬರಿಗೆ ತೆರೆದಿರುತ್ತದೆ. ಈ ಮಾತನ್ನು ಎದುರಿಗೆ ನಿಂತು ಕೇಳಿಸಿಕೊಂಡವನು ಶಿಷ್ಯ ಪೇತ್ರ. ಎಲ್ಲವನ್ನೂ ಬಿಟ್ಟು ಬಂದಿದ್ದೇವೆ ಎಂದವನೂ ಅವನೇ. ಮುಂದೆ ದೇವಾಲಯದ ಬಾಗಿಲಲ್ಲಿ ಕುಂಟನೊಬ್ಬ ಭಿಕ್ಷೆ ಕೇಳಿದಾಗ, ಬೆಳ್ಳಿ ಬಂಗಾರ ನನ್ನಲ್ಲಿಲ್ಲ ಎಂದು ಹೇಳಿದವನೂ ಅವನೇ. ನೂರರಷ್ಟು ಹಣ ಅವನ ಕೈಗೆ ಬಂದಿರಲಿಲ್ಲ.

ಪ್ರವಾದಿ ಮಲಾಕಿಯನ ಪುಸ್ತಕದ 3:10ನ್ನೂ ಹೀಗೆಯೇ ಬಳಸುತ್ತಾರೆ. ದಶಮಾಂಶ (ಹತ್ತರಲ್ಲೊಂದು ಪಾಲು) ತನ್ನಿರಿ, ಪರಲೋಕದ ಕಿಟಕಿಗಳನ್ನು ತೆರೆದು ಸುರಿಸುತ್ತೇನೆ ಎಂಬ ವಾಕ್ಯ ಅದು. ಐದು ವಚನ ಹಿಂದೆ ಹೋಗಿ, 3:5 ಓದಿ. ಕೂಲಿಯವರ ಕೂಲಿಯಲ್ಲಿ ಅನ್ಯಾಯ ಮಾಡುವವರು, ವಿಧವೆಯರನ್ನೂ ಅನಾಥರನ್ನೂ ಪೀಡಿಸುವವರು, ಪರದೇಶಿಯ ನ್ಯಾಯ ತಪ್ಪಿಸುವವರು, ಇವರ ವಿರುದ್ಧ ಸಾಕ್ಷಿಯಾಗಿ ಬರುತ್ತೇನೆ ಎಂದು ಅದೇ ದೇವರು ಹೇಳುತ್ತಾರೆ. ಆ ದಶಮಾಂಶ ಹೋಗುತ್ತಿದ್ದದ್ದೂ ಎಲ್ಲಿಗೆ? ದೇವಾಲಯದ ಸೇವೆ ಮಾಡುತ್ತಿದ್ದ, ಸ್ವಂತ ಭೂಮಿಯ ಪಾಲಿಲ್ಲದ ಲೇವಿಯರಿಗೆ. ಮೂರು ವರ್ಷಕ್ಕೊಮ್ಮೆ ಊರಲ್ಲೇ ಕೂಡಿಟ್ಟು ಲೇವಿಯರ ಜೊತೆ ಪರದೇಶಿಗಳು, ಅನಾಥರು, ವಿಧವೆಯರು ಹೊಟ್ಟೆ ತುಂಬ ಉಣ್ಣಲಿ ಎಂದು ಧರ್ಮೋಪದೇಶಕಾಂಡ 14ರಲ್ಲಿ ಬರೆದಿದೆ. ಇಂಥ ವಾಕ್ಯವನ್ನು ಹಿಡಿದು ಬಡವರಿಂದಲೇ ಹಣ ಕೇಳುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಸಾಲ ಮಾಡಿ ಕಾಣಿಕೆ ಕೊಟ್ಟು, ಏನೂ ತಿರುಗಿ ಬಾರದೆ, ಕೊನೆಗೆ ನಿಮ್ಮ ನಂಬಿಕೆಯೇ ಸಾಲದು ಎಂಬ ಮಾತನ್ನೂ ಕೇಳಿಸಿಕೊಂಡವರ ಜೊತೆ ನಾನು ಕೂತಿದ್ದೇನೆ. ದೇವಭಕ್ತಿಯನ್ನು ಲಾಭದ ದಾರಿ ಎಂದು ಎಣಿಸುವವರು ಸತ್ಯದಿಂದ ದೂರ ಹೋದವರು ಎಂದು ಪೌಲ 1 ತಿಮೊಥೆಯ 6:5ರಲ್ಲಿ ಬರೆಯುತ್ತಾನೆ.

ಎಲ್ಲರಿಗೂ ಬಾಯಿಪಾಠವಾಗಿರುವ ವಾಕ್ಯ ಇರುವುದೂ ಅದೇ ಅಧ್ಯಾಯದಲ್ಲಿ: ಹಣದಾಸೆ ಎಲ್ಲ ಬಗೆಯ ಕೆಟ್ಟತನಕ್ಕೆ ಮೂಲ. ಪೌಲ ಇದನ್ನು ಎಫೆಸದಲ್ಲಿ ಸಭೆ ನೋಡಿಕೊಳ್ಳುತ್ತಿದ್ದ ಯುವಕ ತಿಮೊಥೆಯನಿಗೆ ಬರೆದ. ಎಫೆಸ ದೊಡ್ಡ ವ್ಯಾಪಾರದ ಪಟ್ಟಣ. ದೇವಿಯ ಬೆಳ್ಳಿ ಗುಡಿಗಳನ್ನು ಮಾಡಿ ಮಾರುತ್ತಿದ್ದ ಕೆಲಸಗಾರರು ತಮ್ಮ ಸಂಪಾದನೆಗೆ ಪೆಟ್ಟು ಬೀಳುತ್ತದೆ ಎಂದು ಪೌಲನ ವಿರುದ್ಧ ಊರನ್ನೇ ಎಬ್ಬಿಸಿದ್ದರು. ಹಣ ಜನರನ್ನು ಏನು ಮಾಡುತ್ತದೆ ಎಂದು ಅವನು ಅಲ್ಲಿ ಕಣ್ಣಾರೆ ಕಂಡಿದ್ದ. 9ನೇ ವಚನದಲ್ಲಿ ಅವನು ಎಚ್ಚರಿಸುವುದು ಶ್ರೀಮಂತರನ್ನಲ್ಲ, ಶ್ರೀಮಂತರಾಗಲೇಬೇಕು ಎಂದು ಹೊರಟವರನ್ನು. ಅವರು ಬಲೆಗೆ ಬೀಳುತ್ತಾರೆ ಎನ್ನುತ್ತಾನೆ. ಕೈಯಲ್ಲಿ ಏನೂ ಇಲ್ಲದವನಿಗೂ ಈ ಬಲೆ ಇದೆ. ಈಗಾಗಲೇ ಇರುವವರ ಬಗ್ಗೆ 17ನೇ ವಚನದಿಂದ ಬೇರೆಯಾಗಿ ಮಾತಾಡುತ್ತಾನೆ. ಅಹಂಕಾರ ಬೇಡ, ನಿಲ್ಲದ ಐಶ್ವರ್ಯದ ಮೇಲೆ ನಂಬಿಕೆ ಬೇಡ, ನಮ್ಮ ಅನುಭೋಗಕ್ಕಾಗಿ ಎಲ್ಲವನ್ನೂ ಧಾರಾಳವಾಗಿ ಕೊಡುವ ದೇವರ ಮೇಲೆ ನಂಬಿಕೆ ಇಡಲಿ, ಒಳ್ಳೆಯ ಕೆಲಸಗಳಲ್ಲಿ ಐಶ್ವರ್ಯವಂತರಾಗಲಿ, ಹಂಚಿಕೊಳ್ಳಲಿ. ಅನುಭೋಗ ಎಂಬ ಮಾತು ಬೈಬಲಿನಲ್ಲೇ ಇದೆ, ಗಮನಿಸಿ. ಮನೆಯವರ ಜೊತೆ ಸಂತೋಷವಾಗಿ ಒಂದು ಊಟ ಮಾಡಿದ್ದಕ್ಕೆ ನೀವು ತಪ್ಪಿತಸ್ಥರ ಹಾಗೆ ಕೂರಬೇಕಿಲ್ಲ.

ಹಣ ಕೆಟ್ಟದ್ದಲ್ಲ, ಹಣದಾಸೆ ಮಾತ್ರ ಕೆಟ್ಟದ್ದು ಎಂದು ನಾವೆಲ್ಲ ಹೇಳುತ್ತೇವೆ. ಮಾತು ಸರಿ. ಆದರೆ ಬಹಳ ಮಂದಿ ಇದನ್ನು ತಲೆದಿಂಬು ಮಾಡಿಕೊಂಡು ನಿದ್ದೆ ಹೋಗುತ್ತಾರೆ. ನನಗೆ ಹಣದ ಮೇಲೆ ಪ್ರೀತಿ ಎಂದು ಬಾಯಿಬಿಟ್ಟು ಹೇಳಿದವರನ್ನು ನಾನಂತೂ ನೋಡಿಲ್ಲ. ಆದ್ದರಿಂದಲೇ ಬೈಬಲ್ ಮನಸ್ಸಿನೊಳಗಿನ ಭಾವನೆಯನ್ನು ಕೇಳಿ ಸುಮ್ಮನಾಗುವುದಿಲ್ಲ. ಹಣ ಹೇಗೆ ಬಂತು, ಬಂದ ಮೇಲೆ ನಿಮ್ಮ ಕಣ್ಣಿಗೆ ಯಾರು ಕಾಣಿಸುತ್ತಿದ್ದಾರೆ, ಬಿಡಬೇಕಾದಾಗ ಕೈ ಬಿಚ್ಚುತ್ತದೆಯೇ ಎಂದು ನೋಡುತ್ತದೆ.

ಲೂಕ 12ರಲ್ಲಿ ಒಬ್ಬ ಬಂದು ಆಸ್ತಿ ಪಾಲು ಮಾಡಿಕೊಡುವಂತೆ ನನ್ನ ಅಣ್ಣನಿಗೆ ಹೇಳು ಎಂದು ಯೇಸುವನ್ನು ಕೇಳುತ್ತಾನೆ. ನ್ಯಾಯವಾದ ಕೇಳಿಕೆಯೇ ಇರಬಹುದು. ಯೇಸು ಪಂಚಾಯಿತಿ ಮಾಡಲು ಒಪ್ಪದೆ ಒಂದು ಕಥೆ ಹೇಳುತ್ತಾರೆ. ಒಬ್ಬ ಐಶ್ವರ್ಯವಂತನ ಭೂಮಿ ಚೆನ್ನಾಗಿ ಬೆಳೆಯಿತು. ಕಣಜ ಕೆಡವಿ ದೊಡ್ಡದು ಕಟ್ಟುತ್ತೇನೆ, ಬಹಳ ವರ್ಷಕ್ಕೆ ಸಾಕಾಗುವಷ್ಟಿದೆ, ತಿಂದು ಕುಡಿದು ಸುಖವಾಗಿರುತ್ತೇನೆ ಎಂದುಕೊಂಡ. ಅದೇ ರಾತ್ರಿ ಸತ್ತ. ದೇವರು ಅವನನ್ನು ಬುದ್ಧಿಹೀನ ಎಂದು ಕರೆದರು. ಅವನು ಯಾರದ್ದನ್ನೂ ಕದಿಯಲಿಲ್ಲ. ಒಳ್ಳೆಯ ಬೆಳೆ ತೆಗೆದದ್ದು ತಪ್ಪಲ್ಲ. ಆದರೆ ಅವನ ಇಡೀ ಯೋಚನೆಯಲ್ಲಿ ಇನ್ನೊಬ್ಬ ಮನುಷ್ಯನೇ ಇಲ್ಲ. ಮಾತಾಡುವುದೂ ತನ್ನ ಜೊತೆಯೇ. ಲೂಕ 16ರ ಐಶ್ವರ್ಯವಂತನದ್ದೂ ಇದೇ ಕಥೆ. ಲಾಜರ ಎಂಬ ಬಡವನನ್ನು ಅವನು ಹೊಡೆಯಲಿಲ್ಲ, ಬಯ್ಯಲಿಲ್ಲ, ಓಡಿಸಲೂ ಇಲ್ಲ. ಹುಣ್ಣು ತುಂಬಿದ ಆ ಮನುಷ್ಯ ಅವನ ಮನೆ ಬಾಗಿಲಲ್ಲೇ ಬಿದ್ದಿದ್ದ, ದಿನವೂ ಸಂಭ್ರಮದಿಂದ ಉಣ್ಣುತ್ತಿದ್ದ ಇವನು ಅವನಿಗಾಗಿ ಏನೂ ಮಾಡಲಿಲ್ಲ. ನೀವು ಚೆನ್ನಾಗಿ ಸಂಪಾದಿಸಲು ಶುರು ಮಾಡಿದ ಮೇಲೆ ಯಾರು ಯಾರು ನಿಮ್ಮ ಕಣ್ಣಿಗೆ ಬೀಳುವುದು ನಿಂತುಹೋಗಿದೆ? ಇದನ್ನು ಪ್ರಾಮಾಣಿಕವಾಗಿ ಕೇಳಿಕೊಂಡರೆ ಬಹಳ ಗೊತ್ತಾಗುತ್ತದೆ.

ಹಣದಾಸೆಗೆ ದುರಾಸೆಯದ್ದೊಂದೇ ಮುಖ ಅಲ್ಲ, ಚಿಂತೆಯದ್ದೂ ಒಂದಿದೆ. ದೇವರಿಗೂ ಧನಕ್ಕೂ ಒಟ್ಟಿಗೆ ಸೇವೆ ಮಾಡಲಾರಿರಿ ಎಂಬ ಮಾತು ಮತ್ತಾಯ 6:24. ಮುಂದಿನ ವಚನವೇ, ಆದಕಾರಣ ಊಟ ಬಟ್ಟೆಗಾಗಿ ಚಿಂತೆ ಮಾಡಬೇಡಿ ಎನ್ನುತ್ತದೆ. ಯೇಸು ಇವೆರಡನ್ನೂ ಒಟ್ಟಿಗೆ ಹೇಳಿದ್ದನ್ನು ನಾವು ಮರೆಯುತ್ತೇವೆ. ಧನದ ಸೇವೆ ಮಾಡುವವನು ದುರಾಸೆಯವನೇ ಆಗಿರಬೇಕಿಲ್ಲ. ರಾತ್ರಿಯೆಲ್ಲ ನಾಳೆಯ ಲೆಕ್ಕ ಹಾಕುತ್ತಾ, ಇನ್ನಷ್ಟು ಇದ್ದರೆ ಸುರಕ್ಷಿತ ಎಂದು ನಂಬಿದವನೂ ಆಗಿರಬಹುದು. ನಿಮಗೆ ಸಮಾಧಾನ ಇಲ್ಲ ಎಂದು ಬರೆದಿದ್ದೀರಿ. ಆ ಅಸಮಾಧಾನಕ್ಕೆ ಪಾಪಪ್ರಜ್ಞೆ ಕಾರಣವೋ, ಅಥವಾ ಉಳಿತಾಯ ಎಷ್ಟಾದರೂ ಸಾಲದು ಎನಿಸುತ್ತಿದೆಯೋ, ನೋಡಿಕೊಳ್ಳಿ. ಬೆಳ್ಳಿಯನ್ನು ಪ್ರೀತಿಸುವವನಿಗೆ ಬೆಳ್ಳಿಯಿಂದ ತೃಪ್ತಿಯಾಗದು ಎಂದು ಪ್ರಸಂಗಿ 5:10 ಹೇಳುತ್ತದೆ. ಜ್ಞಾನೋಕ್ತಿ 30ರಲ್ಲಿ ಆಗೂರ ಎಂಬವನ ಪ್ರಾರ್ಥನೆ ಇದೆ: ಬಡತನವನ್ನೂ ಕೊಡಬೇಡ, ಐಶ್ವರ್ಯವನ್ನೂ ಕೊಡಬೇಡ, ನನಗೆ ಬೇಕಾದಷ್ಟು ಆಹಾರ ಕೊಡು. ಹೊಟ್ಟೆ ತುಂಬಿ ದೇವರನ್ನೇ ಮರೆತೇನು, ಬಡವನಾಗಿ ಕಳ್ಳತನಕ್ಕೆ ಇಳಿದೇನು ಎಂಬ ಎರಡೂ ಭಯ ಅವನಿಗಿತ್ತು. ತನ್ನ ದುರ್ಬಲತೆ ಚೆನ್ನಾಗಿ ಗೊತ್ತಿದ್ದವನ ಪ್ರಾರ್ಥನೆ ಅದು. ನನಗೆ ಬಹಳ ಪ್ರಿಯವಾದದ್ದು.

ನಿಮ್ಮ ಬಳಿ ಕೆಲಸ ಮಾಡುವವರು ಇದ್ದಾರೆ ಎಂದಿರಿ. ಹಾಗಾಗಿ ಈ ಮಾತು ಹೇಳಲೇಬೇಕು. ಹಣದ ವಿಷಯದಲ್ಲಿ ಬೈಬಲ್ ಅತಿ ಸಿಟ್ಟಿನಿಂದ ಮಾತಾಡುವುದು ಹಣ ಬಂದ ದಾರಿಯ ಬಗ್ಗೆ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದು ಎಂದು ಯಾಜಕಕಾಂಡ 19:13 ಹೇಳುತ್ತದೆ. ಅವನು ಬಡವ, ಅದನ್ನೇ ನಂಬಿ ಕೂತಿರುತ್ತಾನೆ ಎಂದು ಧರ್ಮೋಪದೇಶಕಾಂಡ 24 ಕಾರಣ ಕೊಡುತ್ತದೆ. ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ಎರಡು ತರದ ತೂಕದ ಕಲ್ಲು ಇಡಬಾರದು ಎನ್ನುತ್ತದೆ ಅದರ ಮುಂದಿನ ಅಧ್ಯಾಯ. ಬಡವನನ್ನು ಒಂದು ಜೊತೆ ಕೆರಕ್ಕೆ ಮಾರಿದವರ ಮೇಲೆ ಪ್ರವಾದಿ ಆಮೋಸ ಗುಡುಗುತ್ತಾನೆ. ಯಾಕೋಬನ ಪತ್ರಿಕೆ 5:4ರಲ್ಲಿ, ಕೊಯ್ಲು ಮಾಡಿದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ. ವ್ಯಾಪಾರ ಬೆಳೆಯುತ್ತಿದ್ದು ಸಂಬಳ ತಡವಾಗುತ್ತಿದ್ದರೆ, ಹಣದಾಸೆ ಇದೆಯೋ ಇಲ್ಲವೋ ಎಂದು ಬೇರೆ ಪರೀಕ್ಷೆ ಬೇಕಾಗಿಲ್ಲ.

ಉಳಿತಾಯದ ಬಗ್ಗೆ ಹೆಚ್ಚು ಹೇಳುವ ಅಗತ್ಯ ಇಲ್ಲ. ಇರುವೆಯನ್ನು ನೋಡಿ ಕಲಿ ಎಂದು ಜ್ಞಾನೋಕ್ತಿ ಹೇಳುತ್ತದೆ. ಹಳೆಯ ಒಡಂಬಡಿಕೆಯ ಯೋಸೇಫ ಐಗುಪ್ತದಲ್ಲಿ ಏಳು ವರ್ಷ ಧಾನ್ಯ ಕೂಡಿಟ್ಟು ಬರಗಾಲದಲ್ಲಿ ಜನರನ್ನು ಬದುಕಿಸಿದ. ಮನೆಯವರನ್ನು ಸಾಕದವನು ನಂಬಿಕೆ ಇಲ್ಲದವನಿಗಿಂತ ಕೀಳು ಎಂದು ಪೌಲ ಬರೆದ. ನಿಮ್ಮ ಉಳಿತಾಯಕ್ಕೆ ಒಂದು ಉದ್ದೇಶ, ಒಂದು ಮಿತಿ ಇದ್ದರೆ ಧೈರ್ಯವಾಗಿ ಉಳಿಸಿ.

ಕೊಡುವುದು ಎಷ್ಟು? ಹೊಸ ಒಡಂಬಡಿಕೆಯ ಸಭೆಗಳಿಗೆ ಬರೆದ ಪತ್ರಗಳಲ್ಲಿ ಶೇಕಡಾ ಇಷ್ಟು ಎಂಬ ಕಟ್ಟಳೆ ಇಲ್ಲ. ಹತ್ತರಲ್ಲೊಂದು ಕೊಡುವುದು ಒಳ್ಳೆಯ ಆರಂಭ ಎಂದು ನನ್ನ ಅಭಿಪ್ರಾಯ. ಆದರೆ ಅಷ್ಟು ಕೊಟ್ಟು ಉಳಿದ ಒಂಬತ್ತು ಪಾಲು ನನ್ನಿಷ್ಟ ಎಂದುಕೊಂಡರೆ ಬೈಬಲಿನ ದಾರಿ ತಪ್ಪಿದ ಹಾಗೆ. ಈ ವಿಷಯಕ್ಕೆ 2 ಕೊರಿಂಥ 8 ಮತ್ತು 9ನೇ ಅಧ್ಯಾಯಗಳನ್ನು ಮನೆಯವರ ಜೊತೆ ಕೂತು ಓದಿ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲ ಹಣ ಕೂಡಿಸುತ್ತಿದ್ದ. ಕಡು ಬಡತನದಲ್ಲಿದ್ದ ಮಕೆದೋನ್ಯದವರು ಶಕ್ತಿ ಮೀರಿ ಕೊಟ್ಟರು, ತಾವೇ ಬೇಡಿಕೊಂಡು ಕೊಟ್ಟರು. ಆದರೂ ಪೌಲ ಕೊರಿಂಥದವರನ್ನು ಹೆದರಿಸುವುದಿಲ್ಲ. ಇಲ್ಲದ್ದಕ್ಕೆ ತಕ್ಕಂತೆ ಅಲ್ಲ, ಇರುವುದಕ್ಕೆ ತಕ್ಕಂತೆ ಕೊಡಿ ಎನ್ನುತ್ತಾನೆ. ಬೇರೆಯವರಿಗೆ ಸುಖ, ನಿಮಗೆ ಕಷ್ಟ ಆಗಲಿ ಎಂದಲ್ಲ, ಸಮಾನತೆ ಇರಲಿ ಎಂದು ಹೇಳುತ್ತಾನೆ. ಹಣ ಒಯ್ಯಲು ಸಭೆಗಳಲ್ಲಿ ಒಳ್ಳೆಯ ಹೆಸರಿದ್ದವರನ್ನು ಜೊತೆಗೆ ಸೇರಿಸಿಕೊಂಡ, ಯಾರೂ ಬೆರಳು ತೋರಿಸಬಾರದು ಎಂದು. ಲೆಕ್ಕ ಕೇಳಿದರೆ ಕೋಪ ಮಾಡುವ ಬೋಧಕರಿಗೆ ಕಾಣಿಕೆ ಕೊಡುವ ಮೊದಲು ಇದನ್ನು ನೆನಪು ಮಾಡಿಕೊಳ್ಳಿ.

ವ್ಯಾಪಾರ ಬೆಳೆಸಿ. ಎಫೆಸ 4:28ರಲ್ಲಿ, ಕಳ್ಳತನ ಮಾಡುತ್ತಿದ್ದವನು ಇನ್ನು ಮೇಲೆ ಕೈಯಾರೆ ದುಡಿಯಲಿ, ಕೊರತೆಯಲ್ಲಿರುವವರಿಗೆ ಕೊಡಲು ಅವನ ಬಳಿ ಏನಾದರೂ ಇರಲಿ ಎಂದಿದೆ. ದುಡಿಮೆಗೆ ಅದೂ ಒಂದು ಗುರಿ. ನಿಮ್ಮ ಕೆಲಸಗಾರರಲ್ಲಿ ಯಾರಿಗಾದರೂ ಸಂಬಳ ಬಾಕಿ ಇದ್ದರೆ ಮೊದಲು ಅದನ್ನು ತೀರಿಸಿ. ಯಾರಿಗಾದರೂ ಲೆಕ್ಕದಲ್ಲಿ ಕಡಿಮೆ ಕೊಟ್ಟದ್ದು ನೆನಪಾದರೆ ಜಕ್ಕಾಯನ ಹಾಗೆ ಹೋಗಿ ಸೇರಿಸಿ ಕೊಡಿ. ಕಾಣಿಕೆಯ ಮೊತ್ತವನ್ನು ಅದಾದ ಮೇಲೆ ಮನೆಯವರ ಜೊತೆ ಕೂತು ನಿರ್ಧರಿಸಿ.